ಪ್ರಾರ್ಥನೆ ಮಾಡಿದರೂ ಮನಸ್ಸಿನ ನೋವು ಹೋಗದಿದ್ದರೆ ವಿಶ್ವಾಸ ಕಡಿಮೆ ಎಂದು ಅರ್ಥವೇ?

ಖಂಡಿತ ಇಲ್ಲ. ತಾಯಿ ತೀರಿಕೊಂಡ ಮೇಲೆ ದಿನವೂ ಮಣಿ ಎಣಿಸುತ್ತಾ ಜಪಸರದ ಪ್ರಾರ್ಥನೆ ಮಾಡಿದರೂ ಎದೆಯ ಭಾರ ಇಳಿದಿಲ್ಲ ಎಂದು ಬರೆದಿದ್ದೀರಿ. ತೋಟದ ಪಾಲಿನ ವಿಚಾರಕ್ಕೆ ಅಣ್ಣ ಮಾತು ಬಿಟ್ಟಿದ್ದಾನೆ, ಅವನನ್ನು ಕ್ಷಮಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಪರಿಚಯದವರು ಹೇಳುತ್ತಿದ್ದಾರೆ. ಮನೋವೈದ್ಯರ ಬಳಿ ಹೋಗುವುದು ದೇವರ ಮೇಲಿನ ಅಪನಂಬಿಕೆಯೇ ಎಂದೂ ಕೇಳಿದ್ದೀರಿ. ನಾನು ಧರ್ಮಗುರುವಿನಷ್ಟು ಓದಿದವಳಲ್ಲ, ವೈದ್ಯಳೂ ಅಲ್ಲ. ಕೊಡಗಿನ ಒಂದು ಕಥೋಲಿಕ ಮನೆಯವಳು, ಈಗ ವಿರಾಜಪೇಟೆಯಲ್ಲಿದ್ದೇನೆ. ಈ ಮಾತುಗಳನ್ನೆಲ್ಲ ನಾನೂ ಕೇಳಿಸಿಕೊಂಡವಳು, ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ನಮ್ಮ ಮನೆ ಮಕ್ಕಂದೂರು ಕಡೆಯ ಗುಡ್ಡದಲ್ಲಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮನೆಯೂ ಕಾಫಿ ತೋಟವೂ ಹೋದವು, ಜೀವ ಉಳಿಯಿತು. ಪರಿಹಾರ ಕೇಂದ್ರದಲ್ಲಿದ್ದಾಗ ಪ್ರಾರ್ಥಿಸಲು ಬಂದ ಒಬ್ಬರು, ಊರಿನಲ್ಲಿ ಪಾಪ ಹೆಚ್ಚಾದಾಗ ಹೀಗಾಗುತ್ತದೆ ಎಂದುಬಿಟ್ಟರು. ಉಟ್ಟ ಬಟ್ಟೆಯಲ್ಲಿ ಕುಳಿತವರ ಎದುರು ಆಡುವ ಮಾತೇ ಅದು? ಅಮ್ಮ ಏನೂ ಹೇಳಲಿಲ್ಲ, ಕಂಬಳಿ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಆ ಮಾತಿಗೆ ಉತ್ತರ ಯೇಸುಸ್ವಾಮಿಯೇ ಕೊಟ್ಟಿದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಬೈಬಲಿನಲ್ಲಿ ಲೂಕನ ಶುಭಸಂದೇಶದ 13ನೆಯ ಅಧ್ಯಾಯ ನೋಡಿ. ಸಿಲೋವಾಮಿನಲ್ಲಿ ಗೋಪುರ ಕುಸಿದು 18 ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೆಂದು ತಿಳಿದಿರಾ, ಇಲ್ಲ, ಎನ್ನುತ್ತಾರೆ ಯೇಸು. ಅದರ ಬೆನ್ನಿಗೇ ಕೇಳುತ್ತಿದ್ದವರನ್ನು ನಿಮ್ಮ ಜೀವನ ತಿದ್ದಿಕೊಳ್ಳಿ ಎಂದು ಎಚ್ಚರಿಸುತ್ತಾರೆ ನಿಜ. ಆದರೆ ಸತ್ತವರ ತಲೆಗೆ ಪಾಪ ಕಟ್ಟುವುದಿಲ್ಲ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರ ಕಥೆಯೂ ಇದೇ. ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕುಳಿತಿದ್ದಷ್ಟು ಹೊತ್ತು ಅವರು ಒಳ್ಳೆಯ ಗೆಳೆಯರಾಗಿದ್ದರು. ಬಾಯಿ ತೆರೆದು ಕಾರಣ ವಿವರಿಸತೊಡಗಿದ ಮೇಲೆ ಕೆಟ್ಟರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಆ ವಿವರಣೆಕಾರರ ಮೇಲೆ, ದೇವರನ್ನೇ ಪ್ರಶ್ನಿಸಿದ ಯೋಬನ ಮೇಲಲ್ಲ.

ಹೀಗಾಗಿ, ಅತ್ತರೆ ವಿಶ್ವಾಸ ಕಡಿಮೆ ಎಂದು ಯಾರಾದರೂ ಹೇಳಿದರೆ ಬೈಬಲಿನ ಪ್ರಾರ್ಥನಾ ಹಾಡುಗಳಾದ ಕೀರ್ತನೆಗಳ ಗ್ರಂಥವನ್ನು ಅವರ ಮುಂದಿಡಿ. ಅಲ್ಲಿ ಹೊಗಳಿಕೆಯಷ್ಟೇ ಗೋಳೂ ಇದೆ, ದೂರೂ ಇದೆ. ಹೆಚ್ಚಿನ ಗೋಳಿನ ಕೀರ್ತನೆಗಳು ಕೊನೆಯಲ್ಲಿ ಹೇಗೋ ಭರವಸೆಯ ಕಡೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ. ನನ್ನವರನ್ನೆಲ್ಲ ದೂರ ಮಾಡಿದೆ ಎಂದು ದೇವರಿಗೇ ಹೇಳಿ ಕತ್ತಲಲ್ಲೇ ನಿಲ್ಲುತ್ತದೆ. ಧರ್ಮಸಭೆ ಅದನ್ನು ಮುಚ್ಚಿಟ್ಟಿಲ್ಲ. ಗುರುಗಳೂ ಕನ್ಯಾಸ್ತ್ರೀಯರೂ ಹೇಳುವ ನಿತ್ಯ ಪ್ರಾರ್ಥನಾವಿಧಿಯಲ್ಲಿ ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುನ್ನ ಬರುವ ಕೀರ್ತನೆ ಅದೇ. ಶಿಲುಬೆಯ ಮೇಲಿಂದ ಯೇಸು ಕೂಗಿದ್ದೂ ಒಂದು ಗೋಳಿನ ಕೀರ್ತನೆಯ ಮೊದಲ ಸಾಲನ್ನು, 22ನೆಯದನ್ನು. ದೇವರೇ, ಏಕೆ ಕೈಬಿಟ್ಟೆ ಎಂದು ಕೇಳುವವರು ಇನ್ನೂ ದೇವರೊಡನೆ ಮಾತು ಬಿಟ್ಟಿಲ್ಲ ಎಂದೇ ಅರ್ಥ ಅಲ್ಲವೇ?

ಅಮ್ಮ ತೀರಿಕೊಂಡದ್ದು ಮರುವರ್ಷದ ಮಳೆಗಾಲದಲ್ಲಿ. ಮನೆ ಹೋದ ದುಃಖವೇ ಇನ್ನೂ ಆರಿರಲಿಲ್ಲ. ಒಲೆ ಹಚ್ಚಲೂ ಮನಸ್ಸಾಗದೆ ಕುಳಿತಿದ್ದೆ. ಪಕ್ಕದ ಮನೆಯ ಕೊಡವ ಅಕ್ಕ ಒಂದು ದಿನ ಸ್ಟೀಲ್ ತೂಕುಪಾತ್ರೆ ಹಿಡಿದು ಬಂದರು. ಅಂದು ಕೊಡವರ ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3. ಪಾತ್ರೆಯಲ್ಲಿ ಮದ್ದುಸೊಪ್ಪಿನ ಪಾಯಸ, ಕಡು ನೇರಳೆ ಬಣ್ಣ, ಆ ಸೊಪ್ಪಿಗೇ ಇರುವ ಘಮ. ಆ ದಿನ ಅದರಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬುದು ನಮ್ಮ ಜಿಲ್ಲೆಯ ನಂಬಿಕೆ. ಸಮಾಧಾನದ ಮಾತು ಒಂದೂ ಆಡಲಿಲ್ಲ. ನಾನು ತಿಂದು ಮುಗಿಸುವ ತನಕ ಎದುರಿಗೆ ಕುಳಿತಿದ್ದರು, ಪಾತ್ರೆ ತೊಳೆದುಕೊಂಡು ಹೋದರು. ನಾಳೆ ಕಡುಬು ತರುತ್ತೇನೆ ಎಂದರು, ತಂದರು.

ಎಲೀಯನ ಕಥೆ ಅರ್ಥವಾದದ್ದು ಆಗ. ಕರ್ಮೆಲ್ ಬೆಟ್ಟದಲ್ಲಿ ಗೆದ್ದು ಬಂದ ಮಹಾ ಪ್ರವಾದಿ, ರಾಣಿಯ ಬೆದರಿಕೆಗೆ ಮರುಭೂಮಿಗೆ ಓಡಿಹೋಗಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕು, ನನ್ನ ಪ್ರಾಣ ತೆಗೆದುಬಿಡು ಎನ್ನುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ, ನಂಬಿಕೆ ಎಲ್ಲಿ ಹೋಯಿತು ಎಂದು ಗದರುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಬಂದು, ಏಳು, ತಿನ್ನು, ದಾರಿ ದೂರ ಇದೆ ಎನ್ನುತ್ತಾನೆ, ಅಷ್ಟೇ. ದೇವರ ಮಾತು ಶುರುವಾಗುವುದು ಅದಾದ ನಂತರ, ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ನಿಮಗೂ ಅದನ್ನೇ ಹೇಳುತ್ತೇನೆ. ಈ ವಾರ ಜಪಸರ ಅರ್ಧಕ್ಕೇ ನಿಂತರೂ ಚಿಂತೆಯಿಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮಲಗಿ.

ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಪ್ರತಿ ಬಾರಿಯೂ ಇದನ್ನು ಹೇಳಿಕೊಂಡರೂ ಹಗುರವಾಗುತ್ತಿಲ್ಲ ಎಂದಿದ್ದೀರಿ. ನಾನೂ ಹೇಳಿಕೊಂಡಿದ್ದೆ. ಆ ವೃದ್ಧ ಗುರುಗಳು ನಡುವೆಯೇ ತಡೆದು, ಮಗಳೇ, ಇದು ಪಾಪವಲ್ಲ, ದುಃಖ, ಇದಕ್ಕೆ ಕ್ಷಮೆ ಬೇಡ, ಹೊರಗೆ ಬೆಂಚಿನ ಮೇಲೆ ಕುಳಿತಿರು, ಪೂಜೆ ಮುಗಿಸಿ ಮಾತಾಡೋಣ ಎಂದರು. ಇಷ್ಟು ಬಿಡಿಸಿ ಹೇಳುವ ಗುರುಗಳು ಸಿಕ್ಕರೆ ಅದೃಷ್ಟ. ಸಿಗದಿದ್ದರೆ ನೀವೇ ಬೇರ್ಪಡಿಸಿ ನೋಡಿ. ಅಣ್ಣನಿಗೆ ನೀವು ಸಿಟ್ಟಿನಲ್ಲಿ ಆಡಿದ ಮಾತು ಬೇಕಾದರೆ ಪಾಪನಿವೇದನೆಗೆ ಹೋಗಲಿ. ತಾಯಿಯ ನೆನಪಿಗೆ ಬರುವ ಅಳುವಿಗೆ ಅಲ್ಲಿ ಕೆಲಸವಿಲ್ಲ.

ಅಣ್ಣನ ವಿಷಯಕ್ಕೆ ಜೋಸೆಫನ ಕಥೆಯನ್ನು ನಿಧಾನವಾಗಿ ಓದಿ, ಆದಿಕಾಂಡ 42ರಿಂದ 45. ತನ್ನನ್ನು ಮಾರಿದ ಅಣ್ಣಂದಿರು ಎದುರು ಬಂದು ನಿಂತಾಗ ಅವನು ಓಡಿಹೋಗಿ ತಬ್ಬಿಕೊಳ್ಳಲಿಲ್ಲ. ತಾನು ಯಾರೆಂದೇ ಹೇಳಲಿಲ್ಲ. ಮೂರು ದಿನ ಕಾವಲಲ್ಲಿಟ್ಟ, ಅವರಲ್ಲೊಬ್ಬನಾದ ಸಿಮೆಯೋನನನ್ನು ಒತ್ತೆ ಇಟ್ಟುಕೊಂಡ, ಕೊನೆಯ ತಮ್ಮನ ಚೀಲದಲ್ಲಿ ಬೆಳ್ಳಿ ಬಟ್ಟಲು ಇರಿಸಿ ಪರೀಕ್ಷಿಸಿದ. ನಡುನಡುವೆ ಮರೆಗೆ ಹೋಗಿ ಅತ್ತ. ಅವರು ಬದಲಾಗಿದ್ದಾರೆ ಎಂದು ಖಾತ್ರಿಯಾದ ಮೇಲೆಯೇ ಬಾಯಿಬಿಟ್ಟ. ಕ್ಷಮೆ ಬೇರೆ, ಹಿಂದಿನ ನಂಬಿಕೆಯನ್ನು ಮತ್ತೆ ಅವರ ಕೈಗೆ ಕೊಡುವುದು ಬೇರೆ. ಸೇಡು ತೀರಿಸಿಕೊಳ್ಳುವ ಆಸೆಯನ್ನು ನೀವು ಇಂದೇ ಬಿಡಬಹುದು, ಅದಕ್ಕೆ ಅಣ್ಣನ ಒಪ್ಪಿಗೆ ಬೇಕಿಲ್ಲ. ಕ್ಷಮಿಸಿದವರು ತಮ್ಮ ಪಾಲು ಕೇಳಬಾರದೆಂಬ ಆಜ್ಞೆ ನನಗಂತೂ ಹತ್ತು ಆಜ್ಞೆಗಳಲ್ಲಿ ಕಂಡಿಲ್ಲ. ಪಾಲಿನ ಕಾಗದಪತ್ರ ವಕೀಲರಿಗೆ ತೋರಿಸಿ, ಅದು ಪ್ರಾರ್ಥನೆಯ ವಿಷಯವಲ್ಲ.

ವೈದ್ಯರ ಬಳಿ ಹೋಗಿ. ನಮ್ಮ ಬೈಬಲಿನಲ್ಲೇ ಸಿರಾಖನ ಗ್ರಂಥದ 38ನೆಯ ಅಧ್ಯಾಯವಿದೆ: ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಉಂಟುಮಾಡಿದ್ದು, ಔಷಧಿ ಭೂಮಿಯಿಂದ ಬಂದದ್ದು, ಬುದ್ಧಿವಂತ ಅದನ್ನು ತಳ್ಳಿಹಾಕುವುದಿಲ್ಲ ಎಂಬ ಧಾಟಿಯಲ್ಲಿ ಸಾಗುತ್ತದೆ. ಮಳೆಗಾಲದ ರಾತ್ರಿ ತಗಡಿನ ಮೇಲೆ ಹನಿ ಜೋರಾದರೆ ನನಗೆ ಕೈ ನಡುಗುತ್ತಿತ್ತು, ಆಧಾರ್, ಪಡಿತರ ಚೀಟಿ ತುಂಬಿದ ಚೀಲವನ್ನು ತಲೆದಿಂಬಿನ ಕೆಳಗೇ ಇಟ್ಟುಕೊಂಡಿರುತ್ತಿದ್ದೆ. ಅಪಾಯ ಕಳೆದರೂ ದೇಹ ಆ ಸದ್ದನ್ನು ಅಪಾಯವೆಂದೇ ಓದುತ್ತದೆ, ಇದಕ್ಕೆ ಚಿಕಿತ್ಸೆ ಇದೆ ಎಂದು ವೈದ್ಯರು ಬಿಡಿಸಿ ಹೇಳಿದಾಗಲೇ ಅರ್ಧ ಭಯ ಇಳಿಯಿತು. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿದ್ರೆ, ಹಸಿವು ಎರಡೂ ವಾರಗಟ್ಟಲೆ ಕೆಟ್ಟಿದ್ದರೆ ತಡಮಾಡಬೇಡಿ. ಬದುಕುವುದೇ ಬೇಡ ಎಂಬ ಯೋಚನೆ ಬಂದರೆ ಭಾನುವಾರದ ಪೂಜೆಗೆ ಕಾಯದೆ ಅದೇ ಗಳಿಗೆಯಲ್ಲಿ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ. ಇನ್ನು, ಮಾತ್ರೆ ಬಿಟ್ಟರೇ ಗುಣವಾಗುತ್ತದೆ ಎಂದು ಯಾವುದಾದರೂ ಧ್ಯಾನಕೂಟದಲ್ಲಿ ಬೋಧಿಸಿದರೆ ಎದ್ದು ಬನ್ನಿ.

ಹಾಗಾದರೆ ವಿಶ್ವಾಸ ಮಾಡುವುದೇನು? ನನ್ನ ಮಟ್ಟಿಗೆ, ನೋವು ಹೇಳಿಕೊಳ್ಳಲು ಒಂದು ಭಾಷೆ ಕೊಟ್ಟಿತು, ಜೊತೆಗೆ ಕೂರುವ ಜನರನ್ನು ಕೊಟ್ಟಿತು. ಸತ್ತವರನ್ನು ಸ್ಮರಿಸುವ ನವೆಂಬರ್ 2ರಂದು ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವಾಗ ಅಮ್ಮನ ಹೆಸರನ್ನು ಗಟ್ಟಿಯಾಗಿ ಹೇಳಲು ಒಂದು ದಿನ ಕೊಟ್ಟಿತು. ನೋವನ್ನು ಅಳಿಸಲಿಲ್ಲ. ಅಳಿಸುತ್ತೇನೆಂದು ಮಾತು ಕೊಟ್ಟೂ ಇರಲಿಲ್ಲ.

ಯಾವ ಕೀರ್ತನೆಯಿಂದ ಆರಂಭಿಸಲಿ ಎಂದು ಕೊನೆಯಲ್ಲಿ ಕೇಳಿದ್ದೀರಿ. 88 ಈಗಲೇ ಬೇಡ, ಒಂಟಿಯಾಗಿರುವಾಗ ಅದು ಭಾರವಾಗುತ್ತದೆ. 13ನೆಯದನ್ನು ತೆಗೆದುಕೊಳ್ಳಿ, ಆರೇ ವಚನ. ಎಷ್ಟರವರೆಗೆ, ಎಷ್ಟರವರೆಗೆ ಎಂದು ದೇವರನ್ನು ನಾಲ್ಕು ಸಲ ಕೇಳುತ್ತದೆ. ಗಟ್ಟಿಯಾಗಿ ಓದಿ. ಕೊನೆಯ ಎರಡು ವಚನಗಳ ಸಂತೋಷ ನಿಮ್ಮ ಬಾಯಿಗೆ ಬರದಿದ್ದರೆ ನಾಲ್ಕಕ್ಕೇ ನಿಲ್ಲಿಸಿ. ಓದಲೂ ಆಗದ ದಿನ ಯಾರಿಂದಾದರೂ ಓದಿಸಿಕೊಳ್ಳಿ.