ವಾಹನ ಪ್ರಶ್ನೋತ್ತರ: ಕಾರು ಎಷ್ಟು ತಗ್ಗಬೇಕು, ಯಾವ ಸ್ಪ್ರಿಂಗ್ ಹಾಕಬೇಕು?

ಪ್ರಶ್ನೆ: ಜರ್ಮನಿಯಲ್ಲಿದ್ದೇನೆ. 2014ರ ಟೊಯೋಟಾ ಜಿಟಿ86 ಇದೆ, ಶಾಕ್ ಅಬ್ಸಾರ್ಬರ್‌ಗಳು ಕಂಪನಿಯವೇ. 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಕೊಳ್ಳಲೋ, 45 ಮಿ.ಮೀ. ತಗ್ಗಿಸುವುದೋ? ನೋಟದ ಜತೆ ತಿರುವಿನಲ್ಲಿ ಹಿಡಿತವೂ ಬೇಕು.
— ಸ್ಟುಟ್‌ಗಾರ್ಟ್‌ನಿಂದ ಓದುಗರೊಬ್ಬರು

ಉತ್ತರ: 45 ಬೇಡ. ಕಂಪನಿಯ ಶಾಕ್ ಉಳಿಸಿಕೊಳ್ಳುವುದಾದರೆ 20ರಿಂದ 25 ಮಿ.ಮೀ. ಒಳಗೇ ಇರಿ. 30 ಕೊನೆಯ ಗಡಿ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಕಾರು ಎಷ್ಟು ತಗ್ಗುತ್ತದೆ ಎಂದು ಮಾತ್ರ. ನೀವು ನೋಡಬೇಕಾದ್ದು, ತಗ್ಗಿದ ಮೇಲೆ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ಮೆತ್ತೆ) ಮುಟ್ಟುವ ತನಕ ಚಕ್ರಕ್ಕೆ ಮೇಲೇಳಲು ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು. ಲೆಕ್ಕಕ್ಕೆ ಈಗ 60 ಮಿ.ಮೀ. ಜಾಗವಿದೆ ಎಂದುಕೊಳ್ಳಿ. 30 ತಗ್ಗಿಸಿದರೆ ಅರ್ಧ ಉಳಿಯಿತು. ಸ್ಪ್ರಿಂಗ್ ಹೀರಿಕೊಳ್ಳುವ ಶಕ್ತಿ ಆ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹಾಗಾಗಿ ಅದೇ ಗುಂಡಿಯನ್ನು ಸ್ಟಾಪ್ ಮುಟ್ಟದೆ ದಾಟಬೇಕಾದರೆ ಸ್ಪ್ರಿಂಗ್ ನಾಲ್ಕು ಪಟ್ಟು ಗಟ್ಟಿಯಿರಬೇಕು. 45 ತಗ್ಗಿಸಿದರೆ ಉಳಿಯುವುದು 15 ಮಿ.ಮೀ.; ಆಗ ಬೇಕಾದ್ದು ಹದಿನಾರು ಪಟ್ಟು! ಮಾರುಕಟ್ಟೆಯ ಲೋವರಿಂಗ್ ಸ್ಪ್ರಿಂಗ್‌ಗಳು ಬಹುತೇಕ ಶೇ. 10ರಿಂದ 30ರಷ್ಟು ಮಾತ್ರ ಗಟ್ಟಿ. ಉಳಿದ ಹೊಡೆತವೆಲ್ಲ ರಬ್ಬರಿನಂಥ ಬಂಪ್ ಸ್ಟಾಪ್ ಮೇಲೆ ಬೀಳುತ್ತದೆ. ತಿರುವಿನ ನಡುವೆ ಹೊರಗಡೆಯ ಚಕ್ರ ಸ್ಟಾಪ್ ಮುಟ್ಟಿದ ಕ್ಷಣ ಆ ಮೂಲೆ ಥಟ್ಟನೆ ಗಡುಸಾಗಿ ಟೈರ್ ಜಾರುತ್ತದೆ. ನೀವು ಕೇಳಿದ ಹಿಡಿತ ಹೋಗುವುದೇ ಅಲ್ಲಿ.

ಕೊಳ್ಳುವ ಮೊದಲು ಅಳೆಯಿರಿ. ಮುಂದಿನ ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಒಂದಾಗಿರುವ ಕಂಬ) ಧೂಳು ಕವಚವನ್ನು ಮೇಲೆ ಸರಿಸಿ, ಶಾಕ್‌ನ ಹೊಳೆಯುವ ಕಡ್ಡಿಗೆ ಒಂದು ಪ್ಲಾಸ್ಟಿಕ್ ಟೈ ಬಿಗಿದು ಕೆಳಗೆ, ಸೀಲ್‌ಗೆ ತಾಗುವಂತೆ ತಳ್ಳಿ. ಕಾರು ನೆಲದ ಮೇಲೆ ನಿಂತಿರುವಾಗ ಸೀಲ್‌ನಿಂದ ಸ್ಟಾಪ್‌ವರೆಗಿನ ಅಂತರ ಬರೆದಿಟ್ಟುಕೊಂಡು, ದಿನನಿತ್ಯದ ದಾರಿಯಲ್ಲಿ ಓಡಿಸಿ ಬನ್ನಿ. ಟೈ ಎಲ್ಲಿಯವರೆಗೆ ಏರಿ ನಿಂತಿದೆಯೋ ಅಷ್ಟು ಜಾಗ ನಿಮ್ಮ ಕಾರಿಗೆ ನಿಜವಾಗಿ ಬೇಕು. ಅದರಾಚೆ ಮಿಕ್ಕಿದ್ದಷ್ಟನ್ನೇ ತಗ್ಗಿಸಬಹುದು.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದು ಅಪರೂಪ. ಈ ಕಾರಿನ ಮುಂದೆ ಮೆಕ್‌ಫರ್ಸನ್ ಸ್ಟ್ರಟ್, ಹಿಂದೆ ಡಬಲ್ ವಿಶ್‌ಬೋನ್ (ಚಕ್ರವನ್ನು ಒಡಲಿಗೆ ಜೋಡಿಸುವ ಆರ್ಮ್, ಅಂದರೆ ತೋಳು, ಮೇಲೊಂದು ಕೆಳಗೊಂದು). ಸ್ಟ್ರಟ್ ಇರುವ ಕಡೆ ಹೆಚ್ಚು ತಗ್ಗಿಸಿದರೆ ಕೆಳಗಿನ ಆರ್ಮ್‌ನ ಚಕ್ರದ ತುದಿ ಮೇಲಕ್ಕೆ ಓರೆಯಾಗುತ್ತದೆ, ರೋಲ್ ಸೆಂಟರ್ (ತಿರುವಿನಲ್ಲಿ ಒಡಲು ಯಾವುದರ ಸುತ್ತ ವಾಲುತ್ತದೋ ಆ ಕಾಲ್ಪನಿಕ ಬಿಂದು) ಕಾರಿನ ಗುರುತ್ವ ಕೇಂದ್ರಕ್ಕಿಂತಲೂ ಬೇಗ ಕುಸಿಯುತ್ತದೆ. ಎರಡರ ನಡುವಿನ ಅಂತರ ಹಿಗ್ಗುವುದರಿಂದ ತಗ್ಗಿದ ಕಾರೇ ಹೆಚ್ಚು ವಾಲಬಹುದು. ಆರ್ಮ್ ನೆಲಕ್ಕೆ ಸಮಾಂತರವಾಗಿರುವಲ್ಲಿಗೆ ನಿಲ್ಲಿಸುವುದು ಜಾಣತನ.

ಅಷ್ಟಾದರೂ ಇನ್ನೂ ತಗ್ಗಿಸಲೇಬೇಕೆಂದರೆ ಗಿಡ್ಡ ಶಾಕ್ ಜತೆಗೇ ಕೊಳ್ಳಿ. ಶಾಕ್ ತಯಾರಿಸುವ ಬಿಲ್‌ಸ್ಟೀನ್‌ನಲ್ಲಿ ಬಿ6 ಕಂಪನಿ ಎತ್ತರಕ್ಕೆ, ಬಿ8 ತಗ್ಗಿಸಿದ ಕಾರಿಗೆಂದೇ ಗಿಡ್ಡ ಮಾಡಿದ್ದು. ಬಿ12 ಎಂದರೆ ಶಾಕ್ ಜತೆಗೆ ಐಬಾಕ್ ಸ್ಪ್ರಿಂಗ್ ಜೋಡಿಸಿದ ಕಿಟ್.

ಜೋಡಿಸುವಾಗ ಹೆಚ್ಚಿನ ಗ್ಯಾರೇಜ್‌ಗಳು ತಪ್ಪುವುದು ಬುಷ್ (ಆರ್ಮ್‌ಗಳ ಕೀಲಿನಲ್ಲಿರುವ ರಬ್ಬರ್ ತುಂಡು) ವಿಚಾರದಲ್ಲಿ. ಕಾರು ಲಿಫ್ಟ್ ಮೇಲೆ, ಚಕ್ರ ಜೋತಾಡುತ್ತಿರುವಾಗ ಆರ್ಮ್‌ಗಳ ಬೋಲ್ಟ್ ಬಿಗಿದರೆ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ. ಎತ್ತರ ಸರಿಯಾಗಿ ಕೂರುವುದಿಲ್ಲ, ಬುಷ್ ಬೇಗ ಹರಿಯುತ್ತದೆ. ಒಳಬದಿಯ ಬೋಲ್ಟ್‌ಗಳನ್ನು ಸಡಿಲಿಸಿ, ಚಕ್ರದ ಮೇಲೆ ಭಾರ ಬಂದ ಮೇಲೆಯೇ ಬಿಗಿಯಲು ಹೇಳಿ. ಶಾಕ್ ಕಡ್ಡಿಯ ನಟ್‌ಗೆ ಏರ್ ಗನ್ ಹಾಕಲು ಬಿಡಬೇಡಿ: ಕಡ್ಡಿ ಗಿರಗಿರನೆ ತಿರುಗಿ ಸೀಲ್ ಹಾಳಾಗುತ್ತದೆ. ಲಾಕ್ ನಟ್‌ಗಳು ಹೊಸವೇ ಇರಲಿ.

ಒಂದೆರಡು ವಾರ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಅಲೈನ್‌ಮೆಂಟ್ ಮಾಡಿಸಿ. ನಿಮ್ಮ ಕಾರಿನಲ್ಲಿ ಹಿಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಹೊಂದಿಸಬಹುದು, ಹಿಂದಿನ ಕ್ಯಾಂಬರ್‌ಗೆ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಕಂಪನಿ ಅವಕಾಶ ಕೊಟ್ಟಿಲ್ಲ. ಅದು ಅತಿಯಾದರೆ ಅಳತೆ ಬದಲಿಸಬಹುದಾದ ಕೆಳ ಆರ್ಮ್ ಬೇಕಾಗುತ್ತದೆ. ಮುಂದೆ ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ಚಕ್ರದ ಓರೆ ಬದಲಾಗುವ ಬೋಲ್ಟ್) ಸಾಕು. ಹೆಡ್‌ಲೈಟ್ ಕೋನವನ್ನೂ ಆಗಲೇ ಸರಿಪಡಿಸಿ. ಜರ್ಮನಿಯಲ್ಲಿ ಟ್ಯೂವ್ ಅಥವಾ ಡೆಕ್ರಾದಂಥ ಸಂಸ್ಥೆಯ ಪರಿಶೀಲನೆಯೂ ಇದೆ. ಸ್ಪ್ರಿಂಗ್ ಜತೆ ಬರುವ ತಾಂತ್ರಿಕ ಪತ್ರದಲ್ಲಿ ನಿಮ್ಮ ಚಕ್ರ, ಟೈರ್ ಅಳತೆ ಇದೆಯೇ ಎಂದು ಹಣ ಕೊಡುವ ಮುನ್ನ ಓದಿ.

ಪ್ರಶ್ನೆ: ಬಿಎಂಡಬ್ಲ್ಯು ಝಡ್4 ಇದೆ. ತಗ್ಗಿಸಿದರೆ ಬೆಂಗಳೂರಿನ ಹಂಪ್‌ಗಳಲ್ಲಿ ಓಡಿಸಲಾದೀತೇ?
— ಬೆಂಗಳೂರಿನ ಓದುಗರು

ಉತ್ತರ: ರಸ್ತೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು. ನಿಮ್ಮ ಕಾರಿನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಸುಮಾರು 2.5 ಮೀಟರ್. ಅಂಥ ಹಂಪ್‌ನ ಬಾಗು 17 ಮೀಟರ್ ತ್ರಿಜ್ಯದ್ದಾದ್ದರಿಂದ ಎರಡು ಚಕ್ರಗಳ ನಡುವೆ ಉಬ್ಬುವುದು ಸುಮಾರು 45 ಮಿ.ಮೀ. ಮಾತ್ರ. ತಗ್ಗಿಸಿದ ಕಾರೂ ನಿಧಾನಕ್ಕೆ ದಾಟುತ್ತದೆ. ತೊಂದರೆ ಕೊಡುವುದು ಬಡಾವಣೆಯವರು ತಾವೇ ಸುರಿದ ಮೊಂಡು ಹಂಪ್. ಅರ್ಧ ಮೀಟರ್ ಅಗಲ, 15 ಸೆಂ.ಮೀ. ಎತ್ತರ ಇದ್ದರೆ ಚಕ್ರಗಳೆರಡೂ ನೆಲದಲ್ಲಿರುವಾಗ ಅಷ್ಟೂ ಎತ್ತರ ಹೊಟ್ಟೆಗೆ ತಾಗುತ್ತದೆ. ಓರೆಯಾಗಿ ದಾಟಿದರೆ ಒಂದಲ್ಲ ಒಂದು ಚಕ್ರ ಹಂಪ್ ಮೇಲಿದ್ದು ಸ್ವಲ್ಪ ಉಳಿಸೀತು. ಏರುವ ಮುಂಚೆಯೇ ಬ್ರೇಕ್ ಬಿಡಿ, ಇಲ್ಲವಾದರೆ ಮೂತಿ ಕುಗ್ಗಿ ಬಡಿಯುತ್ತದೆ.

ನಮ್ಮ ಸಲಹೆ: ಈ ಕಾರನ್ನು ಇಲ್ಲಿ ತಗ್ಗಿಸಬೇಡಿ, ಆ ಹಣವನ್ನು ಒಳ್ಳೆಯ ಟೈರ್‌ಗೆ ಹಾಕಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡಿಗೆ ನಿರ್ಬಂಧ ಹೇರುತ್ತದೆ. ವಿಮೆ, ವಾರಂಟಿ ಎರಡಕ್ಕೂ ತಕರಾರು ಬರಬಹುದು.

ಪ್ರಶ್ನೆ: ಕಂಪನಿ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿದರೆ ಏನಾಗುತ್ತದೆ?
— ಮೈಸೂರಿನ ಓದುಗರು

ಉತ್ತರ: ಕೆಲಸ ಮಾಡುವ ಸುತ್ತು ಆರಿದ್ದರೆ ಐದಕ್ಕೆ ಇಳಿದು ಸ್ಪ್ರಿಂಗ್ ಶೇ. 20ರಷ್ಟು ಗಟ್ಟಿಯಾಗುತ್ತದೆ, ಅಷ್ಟೇ ಲಾಭ. ಕತ್ತರಿಸಿದ ತುದಿ ಬಟ್ಟಲಿನಲ್ಲಿ ಕೂರುವುದಿಲ್ಲ. ಗ್ಯಾಸ್ ಜ್ವಾಲೆಯಲ್ಲಿ ಕತ್ತರಿಸಿದರೆ ಉಕ್ಕಿನ ಹದ ಕೆಟ್ಟು ಅಲ್ಲೇ ಮುರಿಯಬಹುದು. ಚಕ್ರ ಗಾಳಿಯಲ್ಲಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪುವ ಅಪಾಯವೂ ಇದೆ. ಮಾಡಬೇಡಿ.

ಪ್ರಶ್ನೆ: ಹೊಸ ಸ್ಪ್ರಿಂಗ್ ಹಾಕಿಸಿದ ಮೇಲೆ ಸ್ಟಿಯರಿಂಗ್ ತಿರುಗಿಸಿದಾಗ ‘ಟಣ್’ ಎಂಬ ಸದ್ದು. ಯಾಕೆ?
— ಹುಬ್ಬಳ್ಳಿಯ ಓದುಗರು

ಉತ್ತರ: ನಿಂತ ಕಾರಿನಲ್ಲಿ ಒಬ್ಬರು ಸ್ಟಿಯರಿಂಗ್ ತಿರುಗಿಸಲಿ, ಇನ್ನೊಬ್ಬರು ಸ್ಪ್ರಿಂಗ್‌ನ ಹೊರಮೈಗೆ ಅಂಗೈ ತಾಗಿಸಲಿ. ಸುತ್ತುಗಳ ನಡುವೆ ಬೆರಳು ಹೋಗದಿರಲಿ. ಸ್ಪ್ರಿಂಗ್ ತಿರುಚಿಕೊಂಡು ಥಟ್ಟನೆ ಬಿಚ್ಚಿಕೊಂಡರೆ, ಸ್ಟ್ರಟ್ ತಲೆಯ ಬೇರಿಂಗ್ ತಲೆಕೆಳಗಾಗಿದೆ ಅಥವಾ ಜಾಮ್ ಆಗಿದೆ. ಅದು ಸರಿಯಿದ್ದರೆ ಸ್ಪ್ರಿಂಗ್‌ನ ಕೆಳತುದಿ ಬಟ್ಟಲಿನ ಮೆಟ್ಟಿಲಿಗೆ ತಾಗಿ ಕೂತಿದೆಯೇ, ಸ್ಪ್ರಿಂಗ್ ಮೇಲಿನ ಅಕ್ಷರಗಳು ನೆಟ್ಟಗೆ ಓದುವಂತಿವೆಯೇ ನೋಡಿ. ಗುಂಡಿಯಲ್ಲೂ ಸದ್ದು ಬಂದರೆ ಮೇಲಿನ ನಟ್ ಸಡಿಲವಿರಬಹುದು. ಅದನ್ನು ಬಿಗಿಯುವ ತನಕ ಕಾರು ಓಡಿಸಬೇಡಿ.