ಲೂರ್ ಮೂತಿಯ ಪುಟ್ಟ ರಿಂಗ್‌ಗೇ ದಾರ ಕಟ್ಟಬಹುದಾ?

ಪ್ರಶ್ನೆ: ಹೊಸ ಕ್ರ್ಯಾಂಕ್‌ಬೈಟ್ (ಎಳೆದಾಗ ಒಲೆಯುತ್ತಾ ಈಜುವ, ಮೀನಿನಾಕಾರದ ಲೂರ್, ಅಂದರೆ ಕೃತಕ ಎರೆ) ಒಂದರ ಮೂತಿಯಲ್ಲಿ ಚಿಕ್ಕ ರಿಂಗ್ ಇತ್ತು. ಬ್ರೇಡ್ (ಹೆಣೆದ) ದಾರವನ್ನು ಅದಕ್ಕೇ ಕಟ್ಟಿದೆ. ಸ್ವಲ್ಪ ಹೊತ್ತಿಗೇ ಒಳ್ಳೆ ಮೀನು ಬಿತ್ತು, ಆದರೆ ಅರ್ಧ ದಾರಿಯಲ್ಲಿ ದಾರ ಕಡಿದು ಲೂರ್ ಸಮೇತ ಹೋಯಿತು. ಆಮೇಲೆ ಗೆಳೆಯನೊಬ್ಬ ಹೇಳಿದ ಅಂತ ಅದೇ ಥರದ ಇನ್ನೊಂದು ಲೂರ್‌ಗೆ ಸ್ನ್ಯಾಪ್ ಸ್ವಿವೆಲ್ ಹಾಕಿದೆ (ಸ್ನ್ಯಾಪ್ ಅಂದರೆ ತೆರೆದು ಮುಚ್ಚುವ ತಂತಿ ಪಿನ್, ಸ್ವಿವೆಲ್ ಅಂದರೆ ಅದಕ್ಕೆ ಸೇರಿದ, ತಿರುಗುವ ಲೋಹದ ಕೀಲು). ಈಗ ದಾರ ಕಡಿಯುತ್ತಿಲ್ಲ, ಆದರೆ ಲೂರ್ ಅಲ್ಲಾಡುವುದೇ ಇಲ್ಲ, ಕಡ್ಡಿ ಎಳೆದ ಹಾಗೆ ಬರುತ್ತದೆ. ರಿಂಗ್ ಇರಲಾ, ತೆಗೆಯಲಾ, ಸ್ನ್ಯಾಪ್ ಹಾಕಲಾ?

ಉತ್ತರ: ಕಡಿದು ಉಳಿದ ದಾರದ ತುದಿ ಇನ್ನೂ ರೀಲ್‌ನಲ್ಲಿದ್ದರೆ ಮೊದಲು ಅದನ್ನು ನೋಡಿ. ತುದಿ ಸುರುಳಿ ಸುರುಳಿಯಾಗಿದ್ದರೆ ಗಂಟು ಜಾರಿದೆ ಅಂತ ಅರ್ಥ. ಮೊನೊ ದಾರದಲ್ಲಿ (ಒಂದೇ ಎಳೆಯ ನೈಲಾನ್ ದಾರ) ಇದು ಚೆನ್ನಾಗಿ ಕಾಣುತ್ತದೆ, ಬ್ರೇಡ್‌ನಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಬ್ಲೇಡಿನಿಂದ ಕೊಯ್ದ ಹಾಗಿದ್ದು, ಪಕ್ಕದಲ್ಲಿ ಒಂದೆರಡು ಎಳೆ ಬಿಚ್ಚಿಕೊಂಡಿದ್ದರೆ ದಾರವನ್ನು ಏನೋ ಕತ್ತರಿಸಿದೆ. ನೀವು ಹೇಳಿದ್ದು ಕೇಳಿದರೆ ನನ್ನ ಅನುಮಾನ ಆ ರಿಂಗ್ ಮೇಲೇ.

ಅದು ಸ್ಪ್ಲಿಟ್ ರಿಂಗ್. ಕೀ ಬಂಚ್‌ನ ರಿಂಗ್ ಇರುತ್ತಲ್ವಾ, ಅದೇ ಥರ, ಒಂದೇ ತಂತಿಯನ್ನು ಸುಮಾರು ಎರಡು ಸುತ್ತು ಸುತ್ತಿದ್ದು. ಅಂದ ಮೇಲೆ ತಂತಿಗೆ ಕತ್ತರಿಸಿದ ಎರಡು ತುದಿಗಳು ಇದ್ದೇ ಇರುತ್ತವೆ. ರಿಂಗ್ ಸುತ್ತ ಉಗುರು ಆಡಿಸಿ ನೋಡಿ, ಒಂದು ಕಡೆ ಮೆಟ್ಟಿಲಿನ ಹಾಗೆ ತಟ್ ಅಂತ ಸಿಕ್ಕಿಕೊಳ್ಳುತ್ತದೆ. ಅದೇ ತುದಿ. ನೀವು ಕಟ್ಟುವಾಗ ಗಂಟು ನುಣುಪಾದ ಜಾಗದಲ್ಲೇ ಇರುತ್ತದೆ, ಆದರೆ ಎಸೆದು ಎಳೆದು ಎಸೆದು ಎಳೆದು ಮಾಡುವಾಗ ರಿಂಗ್ ತಿರುಗುತ್ತಾ ಗಂಟು ಆ ಮೆಟ್ಟಿಲ ಹತ್ತಿರ ಬಂದು ಕೂರುತ್ತದೆ. ಬ್ರೇಡ್ ಅಂದರೆ ತುಂಬಾ ಸಣ್ಣ ಎಳೆಗಳ ಹೆಣಿಗೆ. ಎರಡು ಸುತ್ತಿನ ನಡುವಿನ ಸಂದಿಗೂ ಅದು ಸಲೀಸಾಗಿ ನುಗ್ಗುತ್ತದೆ. ಮೇಲಿಂದ ಮೀನು ಜಗ್ಗಿದರೆ ಮುಗಿಯಿತು.

ಹಾಗಂತ ರಿಂಗ್ ಸುಮ್ನೆ ಇಟ್ಟಿದ್ದಲ್ಲ. ಲೂರ್‌ನ ಕೊಂಡಿಗೆ (ಮೂತಿಯಲ್ಲಿ ರಿಂಗ್ ಸಿಕ್ಕಿಸಿರುವ ತಂತಿಯ ಕಣ್ಣು) ದಾರವನ್ನು ನೇರವಾಗಿ ಬಿಗಿದು ಕಟ್ಟಿದರೆ ಮೂತಿ ಹಿಡಿದಿಟ್ಟ ಹಾಗಾಗುತ್ತದೆ. ಕ್ರ್ಯಾಂಕ್‌ಬೈಟ್ ಎಡಬಲ ಒಲೆಯುತ್ತಾ ಬರಬೇಕು, ಅದಕ್ಕೆ ಮೂತಿ ಸಡಿಲವಾಗಿರಬೇಕು. ಆ ಸಡಿಲಕ್ಕಾಗಿಯೇ ರಿಂಗ್ ಇರುವುದು. ಆದ್ದರಿಂದ ರಿಂಗ್ ತೆಗೆದರೆ ಅದರ ಜಾಗದಲ್ಲಿ ಸಡಿಲ ಕೊಡುವ ಇನ್ನೇನಾದರೂ ಬೇಕು. ಬರೀ ಬಿಗಿ ಗಂಟು ಸಾಲದು.

ನಾನಾಗಿದ್ದರೆ ರಿಂಗ್ ತೆಗೆದು ಚಿಕ್ಕ ಸ್ನ್ಯಾಪ್ ಹಾಕುತ್ತೇನೆ, ಸ್ವಿವೆಲ್ ಇಲ್ಲದ್ದು. ಸ್ನ್ಯಾಪ್‌ನ ತಳ ಅಗಲವಾಗಿ, ದುಂಡಗೆ ಬಾಗಿರಬೇಕು. ತಳ ಚೂಪಾಗಿ ಕೂಡಿಕೊಂಡಿದ್ದರೆ ಕೊಂಡಿ ಆ ಮೂಲೆಯಲ್ಲಿ ಸಿಕ್ಕಿ ಅಲ್ಲಾಡುವುದಿಲ್ಲ. ಅಳತೆ ಆದಷ್ಟು ಸಣ್ಣದಿರಲಿ, ಆದರೆ ತಾಳುವ ತೂಕ ನಿಮ್ಮ ದಾರಕ್ಕಿಂತ ಜಾಸ್ತಿ ಇರಬೇಕು. ದಾರ ಕಟ್ಟುವ ಕಡೆ ತಂತಿ ಪೂರ್ತಿ ಮುಚ್ಚಿದೆಯಾ ಅಂತಲೂ ನೋಡಿ. ಅಲ್ಲಿ ಸಂದಿ ಇದ್ದರೆ ರಿಂಗ್‌ನ ಕಥೆಯೇ ಮತ್ತೆ.

ಸ್ನ್ಯಾಪ್ ಇಲ್ಲದಿದ್ದರೆ ಕುಣಿಕೆ ಗಂಟು ಹಾಕಿ. ಬ್ರೇಡ್‌ನ ತುದಿಗೆ ಒಂದು ಗೇಣೋ ಎರಡು ಗೇಣೋ ಮೊನೊ ಅಥವಾ ಫ್ಲೋರೊಕಾರ್ಬನ್ (ಇದೂ ಒಂದೇ ಎಳೆಯ ದಾರ) ಲೀಡರ್, ಅಂದರೆ ಲೂರ್‌ಗೆ ಮುಂಚಿನ ತುಂಡು ದಾರ, ಸೇರಿಸಿ, ಗಂಟನ್ನು ಅದರಲ್ಲಿ ಹಾಕಿದರೆ ಒಳ್ಳೆಯದು. ತುದಿಯಿಂದ ಒಂದು ಗೇಣು ಬಿಟ್ಟು ಸಾದಾ ಗಂಟೊಂದನ್ನು ಸಡಿಲವಾಗಿ ಹಾಕಿ. ತುದಿಯನ್ನು ಕೊಂಡಿಯಲ್ಲಿ ತೂರಿಸಿ, ವಾಪಸ್ ತಂದು, ಅದೇ ಸಾದಾ ಗಂಟಿನೊಳಗೆ ಅದು ಹೊರಬಂದ ಕಡೆಯಿಂದಲೇ ಮತ್ತೆ ತೂರಿಸಿ. ಮುಖ್ಯ ದಾರದ ಸುತ್ತ ನಾಲ್ಕೈದು ಸುತ್ತು ಸುತ್ತಿ ಮತ್ತೊಮ್ಮೆ ಅದೇ ಗಂಟಿನೊಳಗೆ ತಂದು, ಎಂಜಲು ಹಚ್ಚಿ ನಿಧಾನಕ್ಕೆ ಬಿಗಿಯಿರಿ. ಒಣಗಿದ ದಾರ ಬಿಗಿದರೆ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ, ಇದನ್ನು ಮಾತ್ರ ಮರೆಯಬೇಡಿ. ಕುಣಿಕೆ ಕಿರುಬೆರಳಿನ ಉಗುರಿನಷ್ಟಿದ್ದರೆ ಸಾಕು. ದೊಡ್ಡದಾದರೆ ಮುಂದಿನ ಕೊಕ್ಕೆ ಅದಕ್ಕೇ ಸಿಕ್ಕಿಕೊಳ್ಳುತ್ತದೆ.

ರಿಂಗ್ ಇರಲೇಬೇಕು ಅಂದರೆ ಮೊಟ್ಟೆಯಾಕಾರದ್ದು ಸಿಗುತ್ತದೆ. ಅದರಲ್ಲಿ ತಂತಿಯ ತುದಿಗಳು ಉದ್ದದ ಬದಿಯಲ್ಲಿರುತ್ತವೆ, ದಾರ ಕಿರಿದಾದ ಕೊನೆಯಲ್ಲಿ ಕೂರುತ್ತದೆ. ದುಂಡನೆಯದಕ್ಕಿಂತ ಎಷ್ಟೋ ವಾಸಿ.

ಇನ್ನು ಸ್ನ್ಯಾಪ್ ಸ್ವಿವೆಲ್. ನಿಮ್ಮ ಲೂರ್ ಮಂಕಾಗಿದ್ದು ಅದರ ಭಾರಕ್ಕೆ. ಕೆಲವೇ ಗ್ರಾಂ ತೂಗುವ ಲೂರ್‌ನ ಮೂತಿಗೆ ಲೋಹದ ತುಂಡು ನೇತು ಹಾಕಿದರೆ ತಲೆ ತಗ್ಗುತ್ತದೆ, ತಯಾರಿಸಿದವರು ಲೆಕ್ಕ ಹಾಕಿಟ್ಟ ಸಮತೋಲ ಹೋಗುತ್ತದೆ. ನೀರಿನ ನಡುವೆ ಮುಳುಗದೆ ತೇಲದೆ ನಿಲ್ಲುವ ಸಸ್ಪೆಂಡಿಂಗ್ ಲೂರ್‌ಗಳಲ್ಲಂತೂ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಒಂದು ಬಕೆಟ್ ನೀರು ತುಂಬಿಸಿ, ಲೂರನ್ನು ಮೊದಲು ಬರಿದಾಗಿ ಬಿಡಿ, ಆಮೇಲೆ ಸ್ವಿವೆಲ್ ಹಾಕಿ ಬಿಡಿ. ಮೂತಿ ಎಷ್ಟು ಇಳಿಯಿತು ಅಂತ ಕಣ್ಣಾರೆ ಕಾಣುತ್ತದೆ. ರಿಂಗ್, ಸ್ನ್ಯಾಪ್, ಕೊಕ್ಕೆ ಯಾವುದನ್ನು ಬದಲಾಯಿಸಿದರೂ ನಾನು ಈ ಪರೀಕ್ಷೆ ಮಾಡದೆ ಹೊರಡುವುದಿಲ್ಲ.

ಸ್ವಿವೆಲ್‌ಗೆ ಅದರದೇ ಜಾಗ ಇದೆ. ಸ್ಪಿನ್ನರ್ (ತಿರುಗುವ ಬ್ಲೇಡ್ ಇರುವ ಲೂರ್) ಮತ್ತು ಕೆಲವು ಸ್ಪೂನ್‌ಗಳು (ಚಮಚದಾಕಾರದ ಲೋಹದ ಲೂರ್) ಗಿರಗಿರ ತಿರುಗಿ ದಾರವನ್ನು ಹುರಿ ಮಾಡುತ್ತವೆ, ಅಲ್ಲಿ ಅದು ಬೇಕೇ ಬೇಕು. ಆಗಲೂ ಲೂರ್ ಮೂತಿಗೆ ಅಂಟಿಸಬೇಕಿಲ್ಲ. ಅರ್ಧ ಮೀಟರ್ ಮೇಲೆ, ಮುಖ್ಯ ದಾರ ಮತ್ತು ಲೀಡರ್ ಕೂಡುವಲ್ಲಿ ಹಾಕಿದರೆ ಹುರಿಯೂ ತಪ್ಪುತ್ತದೆ, ಲೂರ್‌ನ ಓಟವೂ ಕೆಡುವುದಿಲ್ಲ.

ಪ್ರಶ್ನೆ: ಸ್ಪಿನ್ನರ್‌ಬೈಟ್‌ಗೆ (ಬಾಗಿಸಿದ ತಂತಿಯ ಒಂದು ತೋಳಿನಲ್ಲಿ ಬ್ಲೇಡ್, ಇನ್ನೊಂದರಲ್ಲಿ ಕೊಕ್ಕೆ ಇರುವ ಲೂರ್) ಸ್ನ್ಯಾಪ್ ಹಾಕಿದರೆ ಅದು ತಂತಿಯ ಮೇಲೆ ಜಾರಿ ಹೋಗುತ್ತದೆ. ಯಾಕೆ?

ಉತ್ತರ: ತುಂಬಾ ಸ್ಪಿನ್ನರ್‌ಬೈಟ್‌ಗಳಲ್ಲಿ ಮುಚ್ಚಿದ ಕೊಂಡಿ ಇರುವುದಿಲ್ಲ, ತಂತಿಯೇ ಒಂದು ಬಾಗು ಅಷ್ಟೇ. ಸ್ನ್ಯಾಪ್ ಅಲ್ಲಿ ನಿಲ್ಲುವುದಿಲ್ಲ, ಬ್ಲೇಡ್ ಇರುವ ತೋಳಿಗೆ ಜಾರುತ್ತದೆ, ಆಮೇಲೆ ಲೂರ್ ಅಡ್ಡಡ್ಡ ಬರುತ್ತದೆ. ಇದಕ್ಕೆ ದಾರ ನೇರವಾಗಿ ಬಿಗಿಯಾಗಿ ಕಟ್ಟಿ. ತಳದಲ್ಲಿ ನೆಗೆಸುವ ಜಿಗ್‌ಗೂ (ಭಾರದ ತಲೆಯಿರುವ ಕೊಕ್ಕೆ) ಹಾಗೇ.

ಪ್ರಶ್ನೆ: ನನ್ನ ಕ್ರ್ಯಾಂಕ್‌ಬೈಟ್ ಯಾವಾಗಲೂ ಒಂದೇ ಪಕ್ಕಕ್ಕೆ ಓಡುತ್ತದೆ. ಲೂರೇ ಕೆಟ್ಟಿದೆಯಾ?

ಉತ್ತರ: ಎಸೆಯಬೇಡಿ! ದಾರ ನೇರವಾಗಿ ಕೊಂಡಿಗೇ ಕಟ್ಟಿದ್ದರೆ ಮೊದಲು ಗಂಟು ನೋಡಿ, ಅದು ಪಕ್ಕಕ್ಕೆ ಜಾರಿದ್ದರೂ ಲೂರ್ ಆ ಕಡೆಗೇ ಎಳೆಯುತ್ತದೆ. ಗಂಟು ಸರಿ ಇದ್ದರೆ ಕೊಂಡಿ ಸೊಟ್ಟಗಾಗಿರಬಹುದು, ಬಂಡೆಗೆ ಬಡಿದರೆ ಅಷ್ಟೇ ಸಾಕು. ಮೂತಿ ನಿಮ್ಮ ಕಡೆ ಬರುವಂತೆ ಲೂರ್ ಹಿಡಿದುಕೊಳ್ಳಿ. ಅದು ನಿಮ್ಮ ಬಲಕ್ಕೆ ಓಡುತ್ತಿದ್ದರೆ ಸಣ್ಣ ಇಕ್ಕಳದಿಂದ ಕೊಂಡಿಯನ್ನು ನಿಮ್ಮ ಎಡಕ್ಕೆ ಬಗ್ಗಿಸಿ. ತಿರುಚಬೇಡಿ, ಬರೀ ಬಗ್ಗಿಸಿ, ಕೂದಲೆಳೆಯಷ್ಟು. ನೀರಿಗೆ ಹಾಕಿ ಎಳೆದು ನೋಡಿ, ಸಾಲದಿದ್ದರೆ ಇನ್ನೊಂದು ಕೂದಲೆಳೆ. ಒಂದೇ ಸಲ ಜೋರು ಮಾಡಿದರೆ ಕೊಂಡಿ ಬುಡದಲ್ಲಿ ಸಡಿಲವಾಗುತ್ತದೆ, ಆಮೇಲೆ ಅದನ್ನು ನಂಬಿ ದೊಡ್ಡ ಮೀನಿಗೆ ಎಸೆಯುವ ಹಾಗಿಲ್ಲ.