ಆರೋಗ್ಯವಾಗಿರುವ ಜಠರವನ್ನು ಎಂಆರ್ ಸ್ಪೆಕ್ಟ್ರೋಸ್ಕೋಪಿಯಲ್ಲಿ ಯಾಕೆ ನೋಡುತ್ತಾರೆ?

ಮಂಡ್ಯದಲ್ಲಿ ನಿಮ್ಮ ತಂದೆಯವರಿಗೆ ಎಂಡೋಸ್ಕೋಪಿ ಆಯಿತು, ಬಯಾಪ್ಸಿ ನಾರ್ಮಲ್ ಬಂತು ಅಂತ ಬರೆದಿದ್ದೀರಿ. ಮೈಸೂರಲ್ಲಿ ಎಂಆರ್ ಸ್ಪೆಕ್ಟ್ರೋಸ್ಕೋಪಿಯನ್ನೂ ಮಾಡಿಸಬಹುದಾ, ನಾರ್ಮಲ್ ಜಠರವನ್ನು ಅದರಲ್ಲಿ ನೋಡಿ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಮಾನಸಗಂಗೋತ್ರಿಯಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಮಾಡಿದವನು, ಎನ್‌ಎಂಆರ್ ಸ್ಪೆಕ್ಟ್ರಮ್ ಓದಲು ಬರುತ್ತದೆ, ಅಷ್ಟೇ. ಎನ್‌ಎಂಆರ್ ಅಂದರೆ ಕಾಂತಕ್ಷೇತ್ರದಲ್ಲಿಟ್ಟ ವಸ್ತುವಿನಲ್ಲಿ ಯಾವ ಅಣುಗಳಿವೆ ಅಂತ ತೋರಿಸುವ ವಿಧಾನ. ಪ್ರತಿ ಅಣು ತನ್ನದೇ ಜಾಗದಲ್ಲಿ ಗೆರೆ ಕೊಡುತ್ತದೆ, ಆ ಗೆರೆಗಳ ಚಿತ್ರವೇ ಸ್ಪೆಕ್ಟ್ರಮ್. ಇದನ್ನೇ ದೇಹದ ಮೇಲೆ ಮಾಡಿದರೆ ಎಂಆರ್ ಸ್ಪೆಕ್ಟ್ರೋಸ್ಕೋಪಿ.

ಸ್ಕ್ಯಾನ್ ಸೆಂಟರ್‌ಗೆ ಹೋಗಿ ಇದನ್ನು ಕೇಳಬೇಡಿ. ಎಂಆರ್‌ಐ ಮೆಷಿನ್‌ನಲ್ಲಿ ಮಿದುಳಿನ ಸ್ಪೆಕ್ಟ್ರೋಸ್ಕೋಪಿ ಮಾಡುತ್ತಾರೆ, ನಿಜ. ತಲೆ ಅಲುಗಾಡದೆ ಇರುತ್ತದಲ್ವಾ? ಜಠರ ಉಸಿರಿನ ಜೊತೆ ಆಡುತ್ತದೆ, ತಾನೇ ಹಿಂಡಿಕೊಳ್ಳುತ್ತದೆ, ಗೋಡೆ ತೆಳು, ಒಳಗೆ ಗಾಳಿ ಬೇರೆ. ಗಾಳಿ ಇದ್ದ ಕಡೆ ಕಾಂತಕ್ಷೇತ್ರ ಏರುಪೇರಾಗುತ್ತದೆ. ಅದಕ್ಕೇ ಸಂಶೋಧಕರು ಎಂಡೋಸ್ಕೋಪಿಯಲ್ಲಿ ತೆಗೆದ ಚೂರನ್ನೇ ಲ್ಯಾಬಿನ ಎನ್‌ಎಂಆರ್‌ಗೆ ಹಾಕುತ್ತಾರೆ.

ನನಗೆ ಇಷ್ಟದ ಭಾಗ ಇದು. ದ್ರಾವಣವಾದರೆ ಸ್ಪೆಕ್ಟ್ರಮ್‌ನ ಗೆರೆಗಳು ಚೂಪಾಗಿ ಬರುತ್ತವೆ. ಮಾಂಸದ ಚೂರು ಪೂರ್ತಿ ದ್ರವವೂ ಅಲ್ಲ, ಗಟ್ಟಿಯೂ ಅಲ್ಲ. ಸುಮ್ನೆ ಇಟ್ಟರೆ ಗೆರೆಗಳು ಅಗಲವಾಗಿ ಒಂದರ ಮೇಲೊಂದು ಬೀಳುತ್ತವೆ. ಅದನ್ನು ಪುಟ್ಟ ರೋಟರ್‌ಗೆ ತುಂಬಿ, ಕಾಂತಕ್ಷೇತ್ರಕ್ಕೆ 54.7 ಡಿಗ್ರಿ ಓರೆಯಾಗಿಟ್ಟು, ಸೆಕೆಂಡಿಗೆ ನಾಲ್ಕೈದು ಸಾವಿರ ಸುತ್ತು ತಿರುಗಿಸುತ್ತಾರೆ. ಗೆರೆಯನ್ನು ಅಗಲ ಮಾಡುವ ಅಂಶ ಆ ಕೋನದಲ್ಲಿ ಲೆಕ್ಕದ ಪ್ರಕಾರ ಸೊನ್ನೆ. ಮ್ಯಾಜಿಕ್ ಆಂಗಲ್ ಅಂತಲೇ ಹೆಸರು. ಆಗ ಜೀವಕೋಶದ ಸಣ್ಣ ಅಣುಗಳು ಬೇರೆಬೇರೆಯಾಗಿ, ಕ್ರಿಯಾಟಿನ್ 3.03 ಪಿಪಿಎಂನಲ್ಲಿ (ಗೆರೆಯ ಜಾಗ ಹೇಳುವ ಅಳತೆ), ಕೋಲೀನ್ ಗುಂಪು 3.2ರ ಆಸುಪಾಸಿನಲ್ಲಿ, ಲ್ಯಾಕ್ಟೇಟ್ 1.33ರಲ್ಲಿ ಕಾಣುತ್ತವೆ. ಕೊಬ್ಬಿನ ದೊಡ್ಡ ಗೆರೆಯೂ 1.3ರಲ್ಲೇ ಬಂದು ಕೂರುತ್ತದೆ. ಅವೆರಡನ್ನು ಬಿಡಿಸುವುದೇ ಒಂದು ತಲೆನೋವು.

ಇನ್ನು ನಾರ್ಮಲ್ ಯಾಕೆ? ಹಲವು ಕ್ಯಾನ್ಸರ್‌ಗಳಲ್ಲಿ ಕೋಲೀನ್ ಸಂಯುಕ್ತಗಳು ಜಾಸ್ತಿಯಾಗುತ್ತವೆ. ಜಾಸ್ತಿ ಅಂದರೆ ಯಾವುದಕ್ಕಿಂತ? ಆ ಅಳತೆಗೋಲು ಮೊದಲು ಬೇಕು, ಅದು ಸುಲಭಕ್ಕೆ ಸಿಗುವುದಿಲ್ಲ. ಜಠರದ ನಡುಭಾಗದಲ್ಲಿ ಆಮ್ಲ ಸುರಿಸುವ ಕೋಶಗಳು ತುಂಬಿವೆ, ಕೆಳಗಿನ ಆಂಟ್ರಮ್‌ನಲ್ಲಿ ಲೋಳೆ ಗ್ರಂಥಿಗಳೇ ಹೆಚ್ಚು. ಚೂರು ಎಲ್ಲಿಂದ ಬಂತು ಅಂತ ಬರೆದಿಡದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಜಠರದ ಬ್ಯಾಕ್ಟೀರಿಯಾ ಎಷ್ಟೋ ಜನರಲ್ಲಿ ಯಾವ ತೊಂದರೆಯೂ ಕೊಡದೆ ಇರುತ್ತದೆ. ಅಂಥವರನ್ನು ಆರೋಗ್ಯವಂತರ ಪಟ್ಟಿಗೆ ಸೇರಿಸಬಹುದಾ? ಅಲ್ಲದೆ, ಯಾವ ದೂರೂ ಇಲ್ಲದವರು ಎಂಡೋಸ್ಕೋಪಿಗೆ ಬರುವುದೇ ಅಪರೂಪ. ಚೂರು ಹೊರಬಂದ ಕೂಡಲೇ ರಕ್ತ ನಿಂತು ಲ್ಯಾಕ್ಟೇಟ್ ಏರತೊಡಗುತ್ತದೆ. ಹಾಗಾಗಿ ತಕ್ಷಣ ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ, ಆಮೇಲೆ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಓದುತ್ತಾರೆ.

ನಿಮ್ಮ ತಂದೆಯವರ ಚೂರನ್ನು ಈಗ ಕೊಟ್ಟರೂ ಪ್ರಯೋಜನವಿಲ್ಲ. ಪೆಥಾಲಜಿಗೆ ಹೋಗುವ ಬಯಾಪ್ಸಿ ಫಾರ್ಮಲಿನ್ ಅನ್ನುವ, ಚೂರು ಕೆಡದಂತೆ ಇಡುವ ದ್ರಾವಣಕ್ಕೆ ಬೀಳುತ್ತದೆ, ಈ ಸಣ್ಣ ಅಣುಗಳು ಅದರಲ್ಲೇ ತೊಳೆದು ಹೋಗುತ್ತವೆ. ಅವರಿಗೆ ಉರಿ, ನೋವು ಇನ್ನೂ ಇದ್ದರೆ ರಿಪೋರ್ಟ್‌ನಲ್ಲಿ ಪೈಲೋರಿ ನೋಡಿದ್ದಾರಾ ಅಂತ ಡಾಕ್ಟರ್ ಹತ್ತಿರ ಕೇಳಿ.